ಬೀಡು ಬೇರೆ, ಪತ್ರಾ ಬೇರೆ

ಹೋದ ವರ್ಷ ದೀಪಾವಳಿಯ ಮುಂದೆ ನಮ್ಮ ತೋಟದ ಮನೆಯ ಹಿಂದಿನ ಪತ್ರಾಸ ಶೆಡ್ಡನ್ನು ಸ್ವಚ್ಛ ಮಾಡಲು ನಿಂತೆವು. ಮೂವತ್ತು ವರ್ಷದ ಸಾಮಾನು ಅಲ್ಲಿ ಬಿದ್ದಿತ್ತು. ನಮ್ಮಜ್ಜ ಬಾವಿಗೆ ಕೂಡಿಸಿದ್ದ ಆಯಿಲ್ ಎಂಜಿನ್, ಅದರ ಎರಡು ಫ್ಲೈವೀಲು, ಕಡಬಿ ಕತ್ತರಿಸುವ ಯಂತ್ರದ ಗಾಲಿ, ಸುಟ್ಟುಹೋದ ಎರಡು ಪಂಪು, ಹಳೇ ಜೀಪಿನ ಬ್ರೇಕ್ ಡ್ರಮ್ಮು, ಅವ್ವನ ಹೊಲಿಗೆ ಯಂತ್ರದ ಕಾಲು, ಇದ್ದಲಿ ಇಸ್ತ್ರಿ. ಜೊತೆಗೆ ತೂತು ಬಿದ್ದ ಕೊಡ, ಡಬ್ಬಿ, ತಗಡು, ತಂತಿ. ಅದೇ ಹೊತ್ತಿಗೆ ರಸ್ತೆಯ ಮೇಲೆ "ಭಂಗಾರ, ಭಂಗಾರ" ಎಂದು ಕೂಗುತ್ತ ಟೆಂಪೋ ಒಂದು ಬಂತು.

"ಏನ್ ರೇಟ್ ತಮ್ಮಾ?" ಎಂದು ಕೇಳಿದೆ.

"ಎಲ್ಲಾ ಲೋಖಂಡ ಒಂದ ರೇಟ್ ರೀ ಕಾಕಾ. ಆರಿಸ್ಕೋತ ಕೂತ್ರ ನಿಮಗೂ ಹೊತ್ತು ಹೋಗ್ತೈತಿ, ನಮಗೂ ಹೋಗ್ತೈತಿ" ಎಂದ.

ಹಬ್ಬದ ಗಡಿಬಿಡಿ. ಆಗಲಿ ಎಂದೆ. ತೂಗು ಕಾಟಾಕ್ಕೆ ಹಗ್ಗ ಕಟ್ಟಿ, ಇಬ್ಬರು ಕೋಲು ಹೊತ್ತು, ಒಂದೊಂದೇ ತೂಗಿದರು. ಒಂದು ಫ್ಲೈವೀಲು 74 ಕೆಜಿ ಎಂದು ರಟ್ಟಿನ ಮೇಲೆ ಬರೆದುಕೊಂಡರು. ಟೆಂಪೋ ತುಂಬಿತು, ಎರಡನೇ ಫ್ಲೈವೀಲಿಗೆ ಜಾಗ ಸಾಲಲಿಲ್ಲ. "ಮುಂದಿನ ವಾರ ಬರ್ತೀವ್ರಿ" ಎಂದು ರೊಕ್ಕ ಎಣಿಸಿ ಕೊಟ್ಟು ಹೋದರು. ಪಾವತಿ ಇಲ್ಲ, ಹೆಸರಿಲ್ಲ. ನಾನೂ ಕೇಳಲಿಲ್ಲ.

ಸಂಜೆ ನಮ್ಮ ಮನೆಯಾಕೆ ಒಂದು ಮಾತು ಅಂದಳು. "ಎಂಜಿನ್ನಿಗೂ ಡಬ್ಬಿಗೂ ಒಂದ ರೇಟ್ ಅಂದ್ರ ಹ್ಯಾಂಗ್ರಿ? ಜ್ವಾಳ, ತೊಗರಿ ಕೂಡಿಸಿ ಒಂದ ರೇಟಿಗೆ ಅಡತಿ ಅಂಗಡ್ಯಾಗ ಸುರದ ಬರ್ತೀರೇನು?" ನನ್ನಲ್ಲಿ ಉತ್ತರವಿರಲಿಲ್ಲ.

ಟೆಂಪೋದವರು ಮತ್ತೆ ಬರಲಿಲ್ಲ. ಹದಿನೈದು ದಿನ ಕಾದು, ಉಳಿದ ಫ್ಲೈವೀಲು ಮತ್ತು ಇನ್ನಷ್ಟು ಸಾಮಾನನ್ನು ಟ್ರಾಲಿಯಲ್ಲಿ ಹಾಕಿಕೊಂಡು ತಾಲೂಕಿನ ಊರಿನ ಹೊರಗಿರುವ ಭಂಗಾರದ ಯಾರ್ಡಿಗೆ ನಾನೇ ಹೋದೆ. ಅಲ್ಲಿ ನೆಲದ ಮೇಲಿನ ದೊಡ್ಡ ಕಾಟಾದಲ್ಲಿ ಆ ಫ್ಲೈವೀಲು 96 ಕೆಜಿ ತೂಗಿತು. ಜೋಡಿ ಫ್ಲೈವೀಲುಗಳು ಒಂದೇ ಅಚ್ಚಿನಲ್ಲಿ ಎರೆದವು, ಒಂದೇ ತೂಕದವು. ಅಂದರೆ ಮೊದಲಿನದರಲ್ಲಿ 22 ಕೆಜಿ ನಮ್ಮ ಅಂಗಳದಲ್ಲೇ ಕರಗಿಹೋಗಿತ್ತು. ಅದೂ ಭಟ್ಟಿ ಇಲ್ಲದೆ!

ವಾಚಕರೇ, ಈ ಲೇಖನ ಬರೆಯಲು ಕಾರಣ ಆ 22 ಕೆಜಿ. ನಾವು ಗಡಿಭಾಗದ ಜತ್ತ ತಾಲೂಕಿನವರು. ಮನೆಯಲ್ಲಿ ಕನ್ನಡ, ಬಜಾರದಲ್ಲಿ ಮರಾಠಿ. ದ್ರಾಕ್ಷಿ, ದಾಳಿಂಬೆ, ಜೋಳ ಮಾರುವಾಗ ಎರಡೂ ರಾಜ್ಯದ ಮಾರುಕಟ್ಟೆಯ ಧಾರಣಿ ಕೇಳುತ್ತೇವೆ. ಒಂದು ರೂಪಾಯಿಗೆ ಹತ್ತು ಫೋನು ಮಾಡುತ್ತೇವೆ. ಆದರೆ ಅಜ್ಜ ಅಪ್ಪ ದುಡಿದು ತಂದ ಕಬ್ಬಿಣವನ್ನು ಕಣ್ಣುಮುಚ್ಚಿ ಕೊಟ್ಟುಬಿಡುತ್ತೇವೆ. ಭಂಗಾರಕ್ಕೂ ಬಂಗಾರಕ್ಕೂ ಅಕ್ಷರದ ಕೆಳಗಿನ ಒಂದು ಗೀರಿನ ಅಂತರ. ಆ ಗೀರನ್ನು ನಾವೇ ಎಳೆದುಕೊಂಡಿದ್ದೇವೆ ಎಂದು ನನ್ನ ಅಭಿಪ್ರಾಯ.

ಬೀಡು ಎಂದರೇನು?

ಯಾರ್ಡಿನ ಮಾಲೀಕರು ನನಗಿಂತ ಸಣ್ಣವರು, ಆದರೆ ಈ ವಿದ್ಯೆಯಲ್ಲಿ ಗುರು. ಟ್ರಾಲಿ ನೋಡಿದ ಕೂಡಲೇ ಆಳಿಗೆ ಹೇಳಿದರು: "ಬೀಡ ಬ್ಯಾರೆ ಹಾಕು, ಪತ್ರಾ ಬ್ಯಾರೆ ಹಾಕು, ಜಡ ಲೋಖಂಡ ಬ್ಯಾರೆ." ಮರಾಠಿಯಲ್ಲೂ ಅದು ಬೀಡೇ, ಕನ್ನಡದಲ್ಲೂ ಬೀಡೇ. ಪುಸ್ತಕದವರು ಎರಕದ ಕಬ್ಬಿಣ ಎನ್ನುತ್ತಾರೆ.

ಬೀಡಿನಲ್ಲಿ ಇಂಗಾಲ ನೂರಕ್ಕೆ 2ಕ್ಕಿಂತ ಹೆಚ್ಚು, ಸಾಮಾನ್ಯವಾಗಿ 3ರಿಂದ 4ರ ಆಸುಪಾಸು. ಜೊತೆಗೆ ಸಿಲಿಕಾನ್ 1ರಿಂದ 3ರಷ್ಟು. ನಾವು ಬಾಗಿಲು, ಕಿಟಕಿ, ಆಂಗಲ್ಲಿಗೆ ಬಳಸುವ ಸಾದಾ ಉಕ್ಕಿನಲ್ಲಿ ಇಂಗಾಲ ನೂರಕ್ಕೆ ಕಾಲು ಪಾಲು, ಅದಕ್ಕೂ ಕಡಿಮೆ. ಇಷ್ಟು ಸಣ್ಣ ವ್ಯತ್ಯಾಸದಿಂದ ಎರಡರ ಸ್ವಭಾವವೇ ಬೇರೆಯಾಗುತ್ತದೆ. ಉಕ್ಕು ಬಾಗುತ್ತದೆ, ಬೀಡು ಬಾಗುವುದಿಲ್ಲ, ಒಡೆಯುತ್ತದೆ. ಉಕ್ಕು ಕರಗಲು ಸುಮಾರು 1450ರಿಂದ 1500 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು, ಬೀಡು 1150ರಿಂದ 1200ರ ಹೊತ್ತಿಗೇ ನೀರಾಗುತ್ತದೆ. ನೀರಿನಂತೆ ಹರಿದು ಮರಳಿನ ಅಚ್ಚಿನ ಮೂಲೆಮೂಲೆ ತುಂಬುತ್ತದೆ. ಆದ್ದರಿಂದಲೇ ಎಂಜಿನ್ನಿನಂಥ ಗೊಂದಲದ ಆಕಾರವನ್ನು ಬೀಡಿನಲ್ಲಿ ಎರೆಯುತ್ತಾರೆ.

ಬೀಡಿನೊಳಗೆ ಇಂಗಾಲವು ಸಣ್ಣ ಸಣ್ಣ ಗ್ರಾಫೈಟ್ ಪದರಾಗಿ ಕೂತಿರುತ್ತದೆ. ಪೆನ್ಸಿಲಿನ ಕಡ್ಡಿಯಲ್ಲಿ ಇರುವುದೂ ಅದೇ. ಅದು ಎಣ್ಣೆಯಂತೆ ಜಾರುವ ಗುಣ ಕೊಡುತ್ತದೆ, ನಡುಕವನ್ನು ನುಂಗುತ್ತದೆ. ಎಂಜಿನ್ ಬ್ಲಾಕು, ಸಿಲಿಂಡರ್, ಬ್ರೇಕ್ ಡ್ರಮ್ಮು, ಫ್ಲೈವೀಲು, ಯಂತ್ರಗಳ ತಳ ಇವೆಲ್ಲ ಬೀಡಿನವು ಆಗಿರುವುದು ಇದಕ್ಕಾಗಿ.

ಈಗ ರೇಟಿನ ಮಾತಿಗೆ ಬರೋಣ. ಬೀಡು ಎರೆಯುವ ಫೌಂಡ್ರಿಯವನಿಗೆ ಇಂಗಾಲ, ಸಿಲಿಕಾನ್ ಎರಡೂ ಬೇಕೇ ಬೇಕು. ಸಾದಾ ಉಕ್ಕಿನ ತುಂಡು ಹಾಕಿ ಕರಗಿಸಿದರೆ ಅವೆರಡನ್ನೂ ಬೇರೆ ಕೊಂಡು ಬೆರೆಸಬೇಕು. ಹಳೇ ಬೀಡಿನಲ್ಲಿ ಅವು ಆಗಲೇ ಕೂತಿವೆ. ಸಾರಿಗೆ ಮಸಾಲೆ ಅರೆದು ಕೊಟ್ಟ ಹಾಗೆ. ಅದೇ ಬೀಡು ಉಕ್ಕು ಮಾಡುವ ಕಾರ್ಖಾನೆಗೆ ಹೋದರೆ ಅವರಿಗೆ ಅದು ತಲೆನೋವು, ಇಂಗಾಲ ಹೆಚ್ಚಾಯಿತು ಎನ್ನುತ್ತಾರೆ. ಆದ್ದರಿಂದ ಬೀಡು, ಉಕ್ಕು, ತಗಡು ಬೇರೆಬೇರೆ ಇದ್ದರೆ ಮೂರಕ್ಕೂ ಗಿರಾಕಿ. ಕೂಡಿಸಿದರೆ ಮೂರೂ ಕೆಳಗಿನ ರೇಟಿಗೆ ಬೀಳುತ್ತವೆ. ಟೆಂಪೋದವರು ಹೇಳಿದ "ಒಂದ ರೇಟು" ಯಾವುದಾಗಿತ್ತು ಎಂದು ನಿಮಗೆ ಈಗ ಗೊತ್ತಾಗಿರಬೇಕು. ಅದು ಡಬ್ಬಿಯ ರೇಟು. ಮನೆಗೆ ಹೋಗಿ ಅವರು ಆರಿಸಿಯೇ ಮಾರುತ್ತಾರೆ. ಆರಿಸುವ ಹೊತ್ತು ನಮಗೆ ಇಲ್ಲ ಎಂದು ಹೇಳಿ, ಆರಿಸಿದ ಲಾಭ ತಾವು ಇಟ್ಟುಕೊಳ್ಳುತ್ತಾರೆ.

ಗುರುತು ಹಿಡಿಯುವುದು ಹೇಗೆ?

ಇದೇನು ಕಬ್ಬಿಣದ ಕಡಲೆಯಲ್ಲ. ಸುತ್ತಿಗೆಯಿಂದ ಮೆಲ್ಲಗೆ ಬಡಿದರೆ ಉಕ್ಕು ಗಂಟೆಯಂತೆ ಠಣ್ ಎನ್ನುತ್ತದೆ, ಬೀಡು ಮಂಕಾಗಿ ಸದ್ದು ಮಾಡುತ್ತದೆ. ಮುರಿದ ಜಾಗ ನೋಡಿದರೆ ಬೂದು ಬಣ್ಣ, ಉಪ್ಪಿನ ಹರಳಿನಂಥ ಮೈ. ಡ್ರಿಲ್ಲು ಹಾಕಿದರೆ ಉಕ್ಕು ಸುರುಳಿ ಸುರುಳಿಯಾಗಿ ಬರುತ್ತದೆ, ಬೀಡು ಕರಿ ಪುಡಿಯಾಗಿ ಉದುರುತ್ತದೆ. ಗ್ರೈಂಡರಿಗೆ ಹಿಡಿದರೆ ಉಕ್ಕಿನ ಕಿಡಿ ಉದ್ದ, ಹೊಳಪು. ಬೀಡಿನದು ಕೆಂಪು, ಗಿಡ್ಡ. ಹೊರಮೈಯಲ್ಲಿ ಮರಳಿನ ಒರಟು ಗುರುತು, ಉಬ್ಬಿದ ಅಕ್ಷರ, ಅಚ್ಚಿನ ಎರಡು ಭಾಗ ಕೂಡಿದ ಗೆರೆ ಇದ್ದರೆ ಅದು ಎರೆದದ್ದು. ಅಯಸ್ಕಾಂತ ಮಾತ್ರ ಇಲ್ಲಿ ಸಾಕಾಗುವುದಿಲ್ಲ. ಅದು ಎರಡಕ್ಕೂ ಅಂಟುತ್ತದೆ. ಅಲ್ಯುಮಿನಿಯಂ, ಹಿತ್ತಾಳೆ ಬೇರೆ ಮಾಡಲಿಕ್ಕೆ ಅದು ಬೇಕು.

ಬೀಡಿನಲ್ಲೂ ಮೇಲುಕೀಳಿದೆ. ವಾಹನ ಮತ್ತು ಯಂತ್ರದ ಬೀಡು ಮೇಲಿನದು. ಬ್ಲಾಕು, ಹೆಡ್ಡು, ಡ್ರಮ್ಮು, ಫ್ಲೈವೀಲು, ಟ್ರ್ಯಾಕ್ಟರಿನ ಗೇರು ಪೆಟ್ಟಿಗೆ ಈ ಜಾತಿಗೆ ಸೇರಿದವು. ಒಲೆಯ ಜಾಲರಿ, ಬಾಯ್ಲರಿನ ಸಳಿಯಂಥವು ವರ್ಷಾನುಗಟ್ಟಲೆ ಬೆಂಕಿಯಲ್ಲಿ ಬೆಂದು ಒಳಗಿನಿಂದಲೇ ತುಕ್ಕಾಗಿರುತ್ತವೆ. ಇದು ಸುಟ್ಟ ಬೀಡು, ಕೆಳಗಿನ ರೇಟು. ಅದನ್ನು ಒಳ್ಳೆಯ ಬೀಡಿನಲ್ಲಿ ಕೂಡಿಸಬೇಡಿ. ಯಾರ್ಡಿನವನು ಒಂದು ತುಂಡು ಕಂಡರೂ ಇಡೀ ರಾಶಿಗೆ ಕೈ ಹಚ್ಚುತ್ತಾನೆ. ಅವನದೂ ತಪ್ಪಲ್ಲ. ಇನ್ನು ವಾಹನದಲ್ಲಿ ಬಂದದ್ದೆಲ್ಲ ಬೀಡಲ್ಲ. ಕಮಾನು ಪಟ್ಟಿ ಉಕ್ಕು, ಪಿಸ್ಟನ್ ಅಲ್ಯುಮಿನಿಯಂ, ಈಚಿನ ಹಲವು ಕಾರುಗಳಲ್ಲಿ ಬ್ಲಾಕೂ ಅಲ್ಯುಮಿನಿಯಂ. ಅದಕ್ಕೆ ಬೀಡಿಗಿಂತ ಹೆಚ್ಚು ಬೆಲೆ. ಸುಟ್ಟ ಪಂಪಿನ ಹೊರಕವಚ ಬೀಡು, ಒಳಗಿನ ತಂತಿ ತಾಮ್ರ. ಎರಡನ್ನೂ ಒಂದೇ ರೇಟಿಗೆ ಕೊಟ್ಟವನು ನಾನೇ. ನನ್ನನ್ನು ನೋಡಿ ನೀವು ಕಲಿಯಿರಿ.

ನಮ್ಮ ನೆಲದ ನಂಟು

ನಮ್ಮ ಬೀಡು ಎಲ್ಲಿಗೆ ಹೋಗುತ್ತದೆ ಎಂದು ಕೇಳಿದೆ. "ಕೊಲ್ಹಾಪುರಕ್ಕರೀ, ಇಲ್ಲಾ ಬೆಳಗಾವಿಗೆ" ಎಂದರು. ಕೊಲ್ಹಾಪುರದ ಶಿರೋಳಿ, ಗೋಕುಲ ಶಿರಗಾವ ಕಡೆಯ ಫೌಂಡ್ರಿಗಳು, ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಗಳು ದೇಶಕ್ಕೆಲ್ಲ ಹೆಸರಾದವು. ಕೊಲ್ಹಾಪುರದ ಫೌಂಡ್ರಿ ಉದ್ಯೋಗ ಬೆಳೆದದ್ದೇ ರೈತರ ಆಯಿಲ್ ಎಂಜಿನ್ ತಯಾರಿಕೆಯ ಸುತ್ತ. ನಮ್ಮ ಬಾವಿಯ ದಂಡೆಯ ಮೇಲೆ ಟಕ್ ಟಕ್ ಎಂದು ಹೊಗೆ ಬಿಡುತ್ತಿದ್ದ ಎಂಜಿನ್ನೇ ಆ ಊರಿಗೆ ಅನ್ನ ಕೊಟ್ಟಿತು.

ಇನ್ನೂ ಹಿಂದೆ ಹೋದರೆ, ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟಿದ್ದ ಲಕ್ಷ್ಮಣರಾವ್ ಕಿರ್ಲೋಸ್ಕರರು ಮೇವು ಕತ್ತರಿಸುವ ಯಂತ್ರ, ಆಮೇಲೆ ಕಬ್ಬಿಣದ ನೇಗಿಲು ಮಾಡಿದರು. 1910ರಲ್ಲಿ ಔಂಧ ಸಂಸ್ಥಾನದ ಆಸರೆಯಲ್ಲಿ ಕುಂಡಲ ರೋಡ್ ನಿಲ್ದಾಣದ ಹತ್ತಿರ ಕಾರ್ಖಾನೆ ಕಟ್ಟಿದರು. ಅದೇ ಇಂದಿನ ಕಿರ್ಲೋಸ್ಕರವಾಡಿ, ನಮ್ಮದೇ ಸಾಂಗಲಿ ಜಿಲ್ಲೆಯಲ್ಲಿದೆ. ಕಬ್ಬಿಣದ ನೇಗಿಲು ಹೂಡಿದರೆ ಭೂಮಿಗೆ ವಿಷ ಏರುತ್ತದೆ ಎಂದು ಮೊದಲಿಗೆ ರೈತರು ಅಂಜಿದರು, ಕೊಳ್ಳಲು ಹಿಂದೆಮುಂದೆ ನೋಡಿದರು. ಕಡೆಗೆ ಅದೇ ರಂಟಿ ಊರೂರಿಗೆ ಮುಟ್ಟಿತು. ಒಂದು ಕಾಲಕ್ಕೆ ಕಬ್ಬಿಣ ಹೊಲಕ್ಕೆ ಬಂದರೆ ಕೆಡುಕು ಎಂದು ಹೆದರಿದೆವು. ಈಗ ಮನೆಯಿಂದ ಹೋದರೆ ಸಾಕು ಎಂದು ಅವಸರ ಮಾಡುತ್ತೇವೆ. ಎರಡೂ ತಿಳಿಯದೆ ಮಾಡಿದ್ದು.

ಯಾರ್ಡಿನಿಂದ ಹೋದ ಫ್ಲೈವೀಲು ಮೊದಲು ಘಣದ ಪೆಟ್ಟಿಗೆ ತುಂಡಾಗುತ್ತದೆ. ಫೌಂಡ್ರಿಯಲ್ಲಿ ಕೋಕ್ ಕಲ್ಲಿದ್ದಲು, ಸುಣ್ಣದ ಕಲ್ಲಿನ ಜೊತೆ ಕುಪೋಲಾ ಭಟ್ಟಿಗೆ ಬೀಳುತ್ತದೆ, ಅಥವಾ ಕರೆಂಟಿನ ಇಂಡಕ್ಷನ್ ಭಟ್ಟಿಗೆ. ಕರಗಿದ ಬೀಡನ್ನು ಮರಳಿನ ಅಚ್ಚಿಗೆ ಹೊಯ್ಯುತ್ತಾರೆ. ಮತ್ತೆ ಪಂಪಿನ ಕವಚ, ಟ್ರ್ಯಾಕ್ಟರಿನ ಭಾಗ, ರಸ್ತೆಯ ಗಟಾರದ ಮುಚ್ಚಳ. ಎಷ್ಟು ಸಲ ಕರಗಿಸಿದರೂ ಕಬ್ಬಿಣ ಕಬ್ಬಿಣವೇ. ನಮ್ಮಜ್ಜನ ಎಂಜಿನ್ನು ಪಂಪಾಗಿ ನಮ್ಮದೇ ಊರಿನ ಯಾವುದಾದರೂ ಬಾವಿಗೆ ತಿರುಗಿ ಬಂದರೂ ಬಂದೀತು.

ದೇಶಕ್ಕೂ ಇದರಿಂದ ಲಾಭವಿದೆ. ಕೇಂದ್ರ ಸರಕಾರ 2019ರಲ್ಲಿ ಹೊರಡಿಸಿದ ಉಕ್ಕಿನ ಗುಜರಿ ನೀತಿಯ ಲೆಕ್ಕದಂತೆ, ಉಕ್ಕು ಮಾಡುವಾಗ ಒಂದು ಟನ್ ಗುಜರಿ ಬಳಸಿದರೆ 1.1 ಟನ್ ಅದಿರು, 630 ಕೆಜಿ ಕೋಕಿಂಗ್ ಕಲ್ಲಿದ್ದಲು, 55 ಕೆಜಿ ಸುಣ್ಣದ ಕಲ್ಲು ಉಳಿಯುತ್ತದೆ. ಅದು ಉಕ್ಕಿನ ಲೆಕ್ಕ, ಆದರೆ ಬೀಡಿನ ಮಾತೂ ಇದೇ ದಾರಿಯದು. ಸಂಡೂರು, ಬಳ್ಳಾರಿ ಕಡೆಯ ಗುಡ್ಡ ಎಷ್ಟು ಅಗೆದರು ಎಂದು ಪೇಪರಿನಲ್ಲಿ ಓದಿ ಮರುಗುವ ನಾವು, ಶೆಡ್ಡಿನಲ್ಲಿ ಬಿದ್ದ ಗಣಿಯನ್ನು ಮರೆಯಬಾರದು.

ಹಳೇ ಗಾಡಿ ಇದ್ದವರಿಗೆ

ನಮ್ಮ ಕಡೆ ಹಳೇ ಜೀಪು, ಟೆಂಪೋ, ಕಾರು ನಿಂತಲ್ಲೇ ನಿಂತು ಬೇವಿನ ಗಿಡದ ಕೆಳಗೆ ಮಣ್ಣಾಗುತ್ತಿವೆ. ಅವನ್ನು ಬಿಡಿಭಾಗದಂತೆ ಕೊಯ್ದು ಮಾರುವುದು ರೂಢಿ. ಇಲ್ಲಿ ಎಚ್ಚರ ಬೇಕು. ಗಾಡಿ ಹೋದರೂ ಅದರ ಆರ್‌ಸಿ ನಿಮ್ಮ ಹೆಸರಿನಲ್ಲೇ ಇರುತ್ತದೆ. ಗಾಡಿ ನಾಶವಾದರೆ ಅಥವಾ ಕಾಯಂ ಆಗಿ ಓಡದ ಸ್ಥಿತಿಗೆ ಬಂದರೆ 14 ದಿನದೊಳಗೆ ಆರ್‌ಟಿಓ ಕಚೇರಿಗೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ನಿಮ್ಮ ಚಾಸಿ ನಂಬರು ಇನ್ನಾವುದೋ ಕಳ್ಳ ಗಾಡಿಗೆ ಅಂಟಿಕೊಂಡು ನಾಳೆ ಪೊಲೀಸರು ಮನೆ ಬಾಗಿಲಿಗೆ ಬಂದರೆ ಭಂಗಾರದ ರೊಕ್ಕ ವಕೀಲರ ಫೀಗೂ ಸಾಲದು.

2021ರ ನಿಯಮದಂತೆ ನೋಂದಾಯಿತ ವಾಹನ ಗುಜರಿ ಕೇಂದ್ರಗಳು ಬಂದಿವೆ. ಗಾಡಿ ಒಪ್ಪಿಸಿದರೆ ಡಿಪಾಜಿಟ್ ಸರ್ಟಿಫಿಕೇಟ್ ಕೊಡುತ್ತಾರೆ. ಅದನ್ನು ತೋರಿಸಿ ಹೊಸ ಗಾಡಿ ಕೊಂಡರೆ ವಾಹನ ತೆರಿಗೆಯಲ್ಲಿ ಸ್ವಂತದ ಗಾಡಿಗೆ ನೂರಕ್ಕೆ 25ರವರೆಗೆ, ಬಾಡಿಗೆ ಗಾಡಿಗೆ 15ರವರೆಗೆ ರಿಯಾಯಿತಿ ಕೊಡಲು ಕೇಂದ್ರವು ರಾಜ್ಯಗಳಿಗೆ ಅವಕಾಶ ಮಾಡಿಕೊಟ್ಟಿದೆ. ಗಡಿಯವರಿಗೆ ಅನುಕೂಲದ ಮಾತೆಂದರೆ, ಗಾಡಿಯ ನಂಬರು ಯಾವ ರಾಜ್ಯದ್ದಾದರೂ ದೇಶದ ಯಾವ ನೋಂದಾಯಿತ ಕೇಂದ್ರಕ್ಕಾದರೂ ಒಪ್ಪಿಸಬಹುದು. ಆದರೆ ಈ ಕೇಂದ್ರಗಳು ದೊಡ್ಡ ಊರುಗಳ ಸುತ್ತ ಇವೆ. ಸತ್ತ ಜೀಪನ್ನು ಅಲ್ಲಿಗೆ ಎಳೆದೊಯ್ಯುವ ಬಾಡಿಗೆ ಯಾರು ಕೊಡಬೇಕು? ತಾಲೂಕಿನ ಒಳ್ಳೆಯ ಯಾರ್ಡುಗಳನ್ನು ಅವುಗಳ ಸಂಗ್ರಹ ಕೇಂದ್ರವಾಗಿ ಮಾಡಿದರೆ ನಿಯಮ ನಮ್ಮ ಅಂಗಳದವರೆಗೂ ಬಂದೀತು.

ಯಾರ್ಡಿನವರಿಗೂ ಎರಡು ಮಾತು

ರೈತರಿಗೆ ಬುದ್ಧಿ ಹೇಳಿ ವ್ಯಾಪಾರಿಗಳನ್ನು ಬಿಟ್ಟರೆ ನ್ಯಾಯವಾಗುವುದಿಲ್ಲ. ನಾನು ಹೋದ ಯಾರ್ಡಿನಲ್ಲಿ ತೂಕ ಸರಿಯಿತ್ತು, ಪಾವತಿ ಸಿಕ್ಕಿತು. ಆದರೆ ಅಲ್ಲಿಯೂ ಕಂಡ ಕೊರತೆ ಹೇಳಲೇಬೇಕು.

ಒಂದು, ರೇಟಿನ ಬೋರ್ಡು ಇರಲಿಲ್ಲ. ದಿನದ ಧಾರಣಿ ಕನ್ನಡ, ಮರಾಠಿ ಎರಡರಲ್ಲೂ ಬಾಗಿಲಲ್ಲಿ ಬರೆದರೆ ಸುಣ್ಣದ ಕಡ್ಡಿಯ ಖರ್ಚು ಮಾತ್ರ. ಬೀಡಿನ ರೇಟು, ಪತ್ರಾದ ರೇಟು ಬೇರೆಬೇರೆ ಕಂಡರೆ ಜನ ತಾವಾಗಿ ಆರಿಸಿ ತರುತ್ತಾರೆ. ಅದರಿಂದ ಯಾರ್ಡಿನ ಆಳಿನ ಕೂಲಿಯೂ ಉಳಿಯುತ್ತದೆ.

ಎರಡು, ಘಣ ಹೊಡೆಯುವ ಹುಡುಗನ ಕಣ್ಣಿಗೆ ಕನ್ನಡಕ ಇರಲಿಲ್ಲ, ಕಾಲಿಗೆ ಚಪ್ಪಲಿ ಮಾತ್ರ. ಬೀಡು ಒಡೆದಾಗ ಚೂರು ಗುಂಡಿನಂತೆ ಹಾರುತ್ತದೆ. ಒಂದು ಕಣ್ಣಿನ ಬೆಲೆ ಯಾವ ಕಾಟಾದಲ್ಲಿ ತೂಗುತ್ತೀರಿ? ಹಳೇ ಬ್ರೇಕ್ ಶೂಗಳ ಲೈನಿಂಗಿನಲ್ಲಿ ಆಸ್ಬೆಸ್ಟಾಸ್ ಇರುತ್ತಿತ್ತು. ಅದರ ಧೂಳು ಪುಪ್ಪಸಕ್ಕೆ ವಿಷ. ಡ್ರಮ್ಮು ಬಿಚ್ಚುವಾಗ ಗಾಳಿ ಊದಿ ಧೂಳು ಹಾರಿಸಬಾರದು, ಒದ್ದೆ ಅರಿವೆಯಿಂದ ಒರೆಸಬೇಕು.

ಮೂರು, ಎಂಜಿನ್ನಿನ ಕರಿ ಎಣ್ಣೆ ನೆಲಕ್ಕೆ ಹರಿದಿತ್ತು. ಮಳೆ ಬಂದರೆ ಅದು ಹಳ್ಳಕ್ಕೆ, ಹಳ್ಳದಿಂದ ಬಾವಿಗೆ. ನೀರಿಗಾಗಿ ದಶಕಗಳಿಂದ ಬಾಯಿ ಬಿಡುತ್ತಿರುವ ನಮ್ಮ ತಾಲೂಕಿನಲ್ಲಿ ಇದು ಪಾಪದ ಕೆಲಸ. ಒಂದು ಡ್ರಮ್ಮಿನಲ್ಲಿ ಹಿಡಿದಿಟ್ಟರೆ ಎಣ್ಣೆಗೂ ಗಿರಾಕಿ ಉಂಟು. ರೈತರೂ ಮನೆಯಲ್ಲೇ ಎಣ್ಣೆ ಇಳಿಸಿ ಒಯ್ಯಬೇಕು.

ನಾಲ್ಕು, ಮುಚ್ಚಿದ ಡಬ್ಬಿ, ಸಿಲಿಂಡರು, ಶಾಕ್ ಅಬ್ಸಾರ್ಬರ್ ಇವನ್ನು ತೆರೆಯದೆ ಬೀಡಿನ ರಾಶಿಗೆ ಸೇರಿಸಲೇಬಾರದು. ಒಳಗೆ ಒಂದು ಲೋಟ ನೀರು ಉಳಿದಿದ್ದರೂ ಕಾದ ಲೋಹದಲ್ಲಿ ಅದು ಒಮ್ಮೆಗೇ ಉಗಿಯಾಗಿ ಸಿಡಿಯುತ್ತದೆ. 2004ರಲ್ಲಿ ಗಾಜಿಯಾಬಾದ್ ಹತ್ತಿರದ ಸಾಹಿಬಾಬಾದಿನಲ್ಲಿ ಪರದೇಶದಿಂದ ಬಂದ ಗುಜರಿಯೊಳಗಿದ್ದ ಯುದ್ಧದ ಗುಂಡು ಸಿಡಿದು ಹತ್ತು ಕಾರ್ಮಿಕರು ಸತ್ತರು. 2010ರಲ್ಲಿ ದೆಹಲಿಯ ಮಾಯಾಪುರಿ ಭಂಗಾರ ಬಜಾರಕ್ಕೆ ಹರಾಜಿನಲ್ಲಿ ಬಂದ ಹಳೇ ಪ್ರಯೋಗಶಾಲೆಯ ಯಂತ್ರದೊಳಗೆ ಕೋಬಾಲ್ಟ್ 60 ಎಂಬ ವಿಕಿರಣದ ವಸ್ತುವಿತ್ತು. ಗೊತ್ತಿಲ್ಲದೆ ಬಿಚ್ಚಿದವರು ಆಸ್ಪತ್ರೆ ಸೇರಿದರು, ಒಬ್ಬ ತೀರಿಕೊಂಡ. ಗೊತ್ತಿಲ್ಲದ ಯಂತ್ರವನ್ನು ಬಿಚ್ಚಬಾರದು ಎಂಬ ಪಾಠಕ್ಕೆ ಇಷ್ಟು ಸಾಕು.

ಐದನೆಯದು ಕಳವು. ಹೊಲದ ಪಂಪು, ಕೇಬಲ್ಲು, ಸ್ಟಾರ್ಟರು ರಾತ್ರೋರಾತ್ರಿ ಮಾಯವಾಗುವುದು ನಮ್ಮೆಲ್ಲರ ಸಂಕಟ. ಕಳ್ಳನಿಗೆ ಪಂಪು ಬೇಕಿಲ್ಲ, ಅದರ ಬೀಡು, ತಾಮ್ರದ ರೊಕ್ಕ ಬೇಕು. ಕೊಳ್ಳುವವನು ಇಲ್ಲದಿದ್ದರೆ ಕದಿಯುವವನೂ ಇಲ್ಲ. ಕದ್ದ ಮಾಲೆಂದು ತಿಳಿದು ಕೊಂಡರೆ ಹೊಸ ನ್ಯಾಯ ಸಂಹಿತೆಯ 317ನೇ ಕಲಮಿನಡಿ ಅಪರಾಧ. ಮಾರುವವನ ಹೆಸರು, ಊರು, ಗುರುತಿನ ಚೀಟಿಯ ನಕಲು, ಗಾಡಿ ನಂಬರು ಒಂದು ವಹಿಯಲ್ಲಿ ಬರೆದಿಡಲು ಎರಡು ನಿಮಿಷ ಹಿಡಿಯುತ್ತದೆ. ಸಾಚಾ ವ್ಯಾಪಾರಿಗೆ ಅದೇ ರಕ್ಷೆ.

ಗಡಿಯ ಗೋಜು

ಈಗ ನಮ್ಮದೇ ಆದ ತೊಡಕು. 2017ರ ಜುಲೈ 1ರಿಂದ ಜಿಎಸ್‌ಟಿ ಬಂದ ಮೇಲೆ ನಾಕಾಗಳ ಕಾಟ ತಪ್ಪಿತು, ಅದು ನಿಜ. ಆದರೆ ರಾಜ್ಯದೊಳಗೆ ಸರಕು ಮಾರುವ ಸಣ್ಣ ವ್ಯಾಪಾರಿಗೆ ವರ್ಷದ ವಹಿವಾಟು 40 ಲಕ್ಷ ದಾಟುವವರೆಗೆ ನೋಂದಣಿ ಬೇಡ ಎನ್ನುವ ಕಾನೂನು, ಅವನೇ ಪಕ್ಕದ ರಾಜ್ಯಕ್ಕೆ ಮಾರಿದರೆ ಒಂದು ರೂಪಾಯಿಯ ಮಾಲಿಗೂ ನೋಂದಣಿ ಬೇಕು ಎನ್ನುತ್ತದೆ. ಪುಣೆ, ಮೈಸೂರಿನವರಿಗೆ ಇದು ದೊಡ್ಡ ಮಾತಲ್ಲ. ನಮ್ಮಲ್ಲಿ ಹಳ್ಳದ ಈ ದಂಡೆ ಮಹಾರಾಷ್ಟ್ರ, ಆ ದಂಡೆ ಕರ್ನಾಟಕ. ಸೈಕಲ್ಲಿನ ಮೇಲೆ ಭಂಗಾರ ಕೂಡಿಸುವ ಬಡವ ಬೆಳಿಗ್ಗೆ ಜತ್ತದ ಹಳ್ಳಿಯಲ್ಲಿ ಕೊಂಡು ಸಂಜೆ ಅಥಣಿಯ ಕಡೆ ಮಾರುತ್ತಾನೆ. ಅವನಿಗೆ ಗೊತ್ತಿಲ್ಲದೆಯೇ ಅವನು ಅಂತರರಾಜ್ಯ ವರ್ತಕ! ಫಲ ಏನೆಂದರೆ, ಪಾವತಿಯಿಲ್ಲದ ವ್ಯವಹಾರ. ಪಾವತಿಯಿಲ್ಲದಲ್ಲಿ ತೂಕದ ಮೋಸ, ಕಳವಿನ ಮಾಲು ಎರಡೂ ನುಸುಳುತ್ತವೆ. ಗಡಿ ತಾಲೂಕುಗಳ ಸಣ್ಣ ಗುಜರಿ ವ್ಯಾಪಾರಿಗಳಿಗೆ ಈ ನಿಯಮದಲ್ಲಿ ಒಂದು ಮಿತಿಯ ಸಡಿಲಿಕೆ ಕೊಡಬೇಕು. ಎರಡೂ ರಾಜ್ಯಗಳು ಜಿಎಸ್‌ಟಿ ಮಂಡಳಿಯಲ್ಲಿ ಕೂಡುತ್ತವೆ. ಗಡಿಯ ವಿಷಯಕ್ಕೆ ಜಗಳವಾಡುವವರು ಗಡಿಯವರ ಹೊಟ್ಟೆಯ ವಿಷಯಕ್ಕೆ ಒಮ್ಮೆ ಕೂಡಿ ಮಾತಾಡಲಿ.

ಇನ್ನೊಂದು. 2024ರ ಅಕ್ಟೋಬರ್ 10ರಿಂದ, ನೋಂದಣಿ ಇಲ್ಲದವರಿಂದ ನೋಂದಾಯಿತ ವ್ಯಾಪಾರಿ ಲೋಹದ ಗುಜರಿ ಕೊಂಡರೆ ತೆರಿಗೆ ಕಟ್ಟುವ ಹೊಣೆ ಕೊಂಡವನದು. ಹೀಗೆ ಕಟ್ಟಿದ್ದನ್ನು ಅವನು ಮುಂದೆ ಮಾಲು ಮಾರುವಾಗಿನ ತೆರಿಗೆಯಲ್ಲಿ ವಜಾ ಹಿಡಿದುಕೊಳ್ಳಲು ಬರುತ್ತದೆ. ಕೆಲವರು "ಸರಕಾರ ಟ್ಯಾಕ್ಸ್ ಹಾಕೇತ್ರಿ" ಎಂದು ಹೇಳಿ ರೈತನ ರೇಟಿನಲ್ಲಿಯೇ ಮುರಿದುಕೊಳ್ಳುತ್ತಾರೆ. ಹಾಗೆ ಯಾರಾದರೂ ಅಂದರೆ, "ನಿಮಗ ಅದು ಹೊಳ್ಳಿ ಸಿಗತೈತಲ್ರಿ ಸಾವಕಾರ್ರ" ಎಂದು ನಕ್ಕು ಕೇಳಿರಿ. ಜಗಳ ಬೇಡ, ತಿಳಿವಳಿಕೆ ಸಾಕು.

ಮಾರಬಾರದ್ದೂ ಉಂಟು

ಭಂಗಾರಕ್ಕೆ ಹಾಕುವುದೇ ಧರ್ಮ ಎಂದು ನಾನು ಹೇಳುತ್ತಿಲ್ಲ. ಕೆಲಸಕ್ಕೆ ಬರುವುದನ್ನು ಕರಗಿಸುವುದು ಮೂರ್ಖತನ. ಅವ್ವನ ಬೀಡಿನ ಹಂಚನ್ನು ನಾನು ಟ್ರಾಲಿಯಲ್ಲಿ ಹಾಕಿದ್ದೆ. ಯಾರ್ಡಿನ ಮಾಲೀಕರೇ ಅದನ್ನು ಎತ್ತಿ ನನ್ನ ಕೈಗೆ ಕೊಟ್ಟು, "ಕಾಕಾ, ಇದನ್ನ ಒಳಗ ಇಡ್ರಿ. ಶಹರದಾಗ ಹಿಂಥಾದಕ್ಕ ಮಂದಿ ಹುಡುಕ್ಯಾಡಕತ್ತಾರ" ಎಂದರು. ತುಕ್ಕನ್ನು ಉಪ್ಪು ಹಾಕಿ ತಿಕ್ಕಿ, ತೊಳೆದು, ತಕ್ಷಣ ಒಣಗಿಸಿ, ತೆಳ್ಳಗೆ ಎಣ್ಣೆ ಸವರಿ ಒಲೆಯ ಮೇಲೆ ಕಾಯಿಸಿದೆವು. ನಾಲ್ಕು ಸಲ ಹೀಗೆ ಮಾಡಿದ ಮೇಲೆ ದೋಸೆ ಹಾಳೆಯಂತೆ ಎದ್ದಿತು. ಒಡೆದದ್ದಾದರೆ ಮಾತ್ರ ಆಸೆ ಬಿಡಬೇಕು. ಬೀಡಿಗೆ ಸಾದಾ ವೆಲ್ಡಿಂಗ್ ಹಿಡಿಯುವುದಿಲ್ಲ, ನಿಕ್ಕಲ್ ಕಡ್ಡಿ ಬೇಕು, ಮೊದಲು ಕಾಯಿಸಬೇಕು, ಮೆಲ್ಲಗೆ ಆರಿಸಬೇಕು. ಹಂಚಿಗೆ ಅಷ್ಟು ಖರ್ಚು ಪೂರೈಸದು. ಆದರೆ ಪಂಪಿನ ಕವಚದಂಥ ದೊಡ್ಡ ಸಾಮಾನಿಗೆ ಮೊದಲು ಮೇಸ್ತ್ರಿಯನ್ನು ಕೇಳಿ, ಆಮೇಲೆ ಯಾರ್ಡಿಗೆ ಹೋಗಿ. ಹೊಲಿಗೆ ಯಂತ್ರದ ಕಾಲಿಗೆ ಹಲಗೆ ಕೂಡಿಸಿದರೆ ಮೊಮ್ಮಕ್ಕಳಿಗೆ ಓದುವ ಟೇಬಲ್ಲು. ಅದನ್ನು ಕೊಟ್ಟ ಮೇಲೆ ನನಗೆ ಇದು ಹೊಳೆಯಿತು.

ನಾನು ಕೇಳುವುದು ಇಷ್ಟೇ. ರೈತ ಬಾಂಧವರು ವರ್ಷಕ್ಕೊಮ್ಮೆ ಶೆಡ್ಡು ತೆಗೆದು ಬೀಡು, ಉಕ್ಕು, ಪತ್ರಾ, ತಾಮ್ರ ಎಂದು ಗುಂಪು ಮಾಡಿ ಇಡಲಿ. ನಾಲ್ಕು ಮನೆಯವರು ಕೂಡಿ ಒಂದೇ ಟ್ರಾಲಿಯಲ್ಲಿ ಒಯ್ದರೆ ಬಾಡಿಗೆ ಹಂಚಿಹೋಗುತ್ತದೆ, ತೂಕವೂ ಎದುರಿಗೇ ಆಗುತ್ತದೆ. ಕಾಟಾದ ಮೇಲೆ ಸರಕಾರದ ಮುದ್ರೆ ಇದೆಯೇ ನೋಡಿ ತೂಗಿಸಲಿ. ಪಾವತಿ ಕೇಳಿ ಪಡೆಯಲಿ. ಬ್ಯಾಟರಿಯನ್ನು ಮಾತ್ರ ಮನೆಯಲ್ಲಿ ಒಡೆಯದೆ ಅಂಗಡಿಗೇ ಮರಳಿ ಕೊಡಲಿ, ಅದರ ಸೀಸ ಮಕ್ಕಳಿಗೆ ವಿಷ. ಗ್ರಾಮ ಪಂಚಾಯತಿಗಳು ಸುಗ್ಗಿ ಮುಗಿದ ಮೇಲೆ ಒಂದು ದಿನ ಗೊತ್ತು ಮಾಡಿ, ಒಳ್ಳೆಯ ಯಾರ್ಡಿನವರನ್ನು ಊರಿಗೇ ಕರೆಸಲಿ. ಭಂಗಾರದವರನ್ನು ಕೀಳಾಗಿ ಕಾಣುವ ರೂಢಿಯನ್ನೂ ಬಿಡೋಣ. ಊರಿನ ಕಸವನ್ನು ಕಾರ್ಖಾನೆಯ ಕಚ್ಚಾಮಾಲು ಮಾಡುವವರು ಅವರು. ಹತ್ತರಲ್ಲಿ ಒಬ್ಬ ಮೋಸ ಮಾಡಿದರೆ ಒಂಬತ್ತು ಜನರ ಹೆಸರು ಕೆಡುವುದು ನ್ಯಾಯವಲ್ಲ.

ಈಗ ನಮ್ಮ ಅಂಗಳದ ಬೇವಿನ ಗಿಡದ ಕೆಳಗೆ ನಮ್ಮ ಮನೆಯಾಕೆ ಮೂರು ಗುಂಪು ಮಾಡಿಸಿದ್ದಾಳೆ. ಮೊನ್ನೆ ಮತ್ತೊಂದು ಟೆಂಪೋ ಬಂದು ನಿಂತಿತು. ನಾನು ಬಾಯಿ ತೆರೆಯುವ ಮೊದಲೇ ಆಕೆ ಒಳಗಿನಿಂದ ಕೇಳಿದಳು: "ಬೀಡಿಗೆ ಏನ್ ರೇಟೋ ತಮ್ಮಾ?"

ಅವನು ಒಮ್ಮೆ ಗುಂಪುಗಳ ಕಡೆ, ಒಮ್ಮೆ ನನ್ನ ಕಡೆ ನೋಡಿ, ಸರಿಯಾದ ರೇಟೇ ಹೇಳಿದ.